ಸುವಾರ್ತಮ್ಮನವರ ಎರಡನೆಯ ದೀಕ್ಷಾಸ್ನಾನ

ಸುವಾರ್ತಮ್ಮನವರು ಎಪ್ಪತ್ತಾರನೆಯ ವಯಸ್ಸಿನಲ್ಲಿ ಎರಡನೆಯ ಸಲ ಕ್ರೈಸ್ತರಾಗಿ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ವಾಪಸಾದರು. ಮೊದಲನೆಯ ಸಲ ಆದಾಗ ಅವರು ಕೈಗೂಸು. ಚರ್ಚಿನ ಅಯ್ಯನವರು ಹಣೆಗೆ ನಾಲ್ಕು ಹನಿ ನೀರು ಚಿಮುಕಿಸಿದ್ದರು, ಕೂಸು ಅತ್ತಿತ್ತು, ಬಂದವರಿಗೆಲ್ಲ ಕೇಸರಿಬಾತು ಕೊಟ್ಟಿದ್ದರು. ಈ ಸಲ ಪೂರ್ತಿ ಮುಳುಗಿಸಿದ್ದರು. ಅದಕ್ಕೆ ಸಾಕ್ಷಿಯಾಗಿ ಬ್ಯಾಗಿನೊಳಗೆ ಒಂದು ಪ್ಲಾಸ್ಟಿಕ್ ಕವರು, ಕವರಿನೊಳಗೆ ಸರಿಯಾಗಿ ಒಣಗದ ಒಂದು ಬಿಳಿ ಸೀರೆ ಇತ್ತು.

ಸೀರೆಯನ್ನು ಮೊದಲು ಕಂಡವಳು ಸೊಸೆ ಪ್ರೇಮಕುಮಾರಿ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ರೋಗಿಗಳು ಮುಚ್ಚಿಡುವುದನ್ನು ಬಿಡಿಸಿ ನೋಡಿ ಅಭ್ಯಾಸವಾದವಳು.

"ಇದ್ಯಾವ್ದತ್ತೆ ಬಿಳೀ ಸೀರೆ?"

"ಲಿಡಿಯಾ ಕೊಡ್ಸಿದ್ದು."

"ಯಾತಕ್ಕೆ?"

"ಸುಮ್ಕೆ."

"ಸುಮ್ಕೆ ಕೊಡ್ಸಿದ್ ಸೀರೆ ಒದ್ದೆ ಯಾಕಾಯ್ತು?"

ಅತ್ತೆ ಕಾಫಿ ಕೇಳಿದರು. ಉತ್ತರದ ಅಗತ್ಯವೂ ಇರಲಿಲ್ಲ. ಒಳಗಿನಿಂದ ಮೊಮ್ಮಗಳು ನಿಸರ್ಗ ಮೊಬೈಲು ಹಿಡಿದುಕೊಂಡೇ ಬಂದಳು.

"ಅಜ್ಜಿ, ನೀನು ಯೂಟ್ಯೂಬಲ್ಲಿದೀಯ."

ಲಿಡಿಯಾ ಸುವಾರ್ತಮ್ಮನವರ ಮಗಳು. ಅವಳ ಗಂಡ ಜಾಷುವಾ ಚನ್ನರಾಯಪಟ್ಟಣದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಹಾಲಿನಲ್ಲಿ ಬೇರೆ ಪಂಗಡದ ಒಂದು ಸಭೆ, ಎಂದರೆ ಚರ್ಚು, ನಡೆಸುತ್ತಿದ್ದ. ಗಿರಣಿ ಶುರುವಾದಾಗ ಪ್ರಸಂಗ ನಿಲ್ಲಿಸಿ, ನಿಂತಾಗ ಮುಂದುವರಿಸುತ್ತಿದ್ದ. ಅಲ್ಲಿಯವರ ಪ್ರಕಾರ ಕೂಸಿಗೆ ಚಿಮುಕಿಸುವುದು ಲೆಕ್ಕಕ್ಕಿಲ್ಲ, ತಿಳಿವಳಿಕೆ ಬಂದ ಮೇಲೆ ಪೂರ್ತಿ ಮುಳುಗಬೇಕು. ವಿಡಿಯೋದಲ್ಲಿ ಹೇಮಾವತಿ ನಾಲೆ ಹರಿಯುತ್ತಿತ್ತು. ಜಾಷುವಾ ಮತ್ತು ಇನ್ನೊಬ್ಬ ಗಂಡಸು ಅತ್ತೆಯ ತೋಳು ಹಿಡಿದು ಹಿಂದಕ್ಕೆ ಬಾಗಿಸಿದರು. ಮೇಲೆ ಬಂದಾಗ ಮುಖದ ತುಂಬ ಸೆರಗು. ಬಾಯಿ ಏನೋ ಹೇಳುತ್ತಿತ್ತು, ಕೀಬೋರ್ಡಿನ ಸಂಗೀತದಲ್ಲಿ ಕೇಳುತ್ತಿರಲಿಲ್ಲ. ಕೆಳಗೆ ಕೆಂಪಕ್ಷರದಲ್ಲಿ 'ಆತ್ಮಭರಿತಳಾಗಿ ಸ್ತುತಿಸುತ್ತಿರುವ ತಾಯಿ' ಎಂದು ಬರೆದಿದ್ದರು.

"ಏನ್ ಸ್ತುತಿಸಿದ್ಯಜ್ಜಿ?"

"ಕಾಲ್ ಜಾರ್ತದೆ, ಬಿಗಿಯಾಗ್ ಇಡ್ಕಳ್ರಪ್ಪ ಅಂದೆ."

ಮಗ ರೂಬೇನ್ ಸಂಜೆ ಬಂದ. ಅವನು ಬಸ್ ಡಿಪೋದಲ್ಲಿ ಬ್ರೇಕು ನೋಡುವ ಮೆಕ್ಯಾನಿಕ್, ಊರಿನ ಹಳೆಯ ಸಭೆಯಲ್ಲಿ ಕಮಿಟಿಯ ಕಾರ್ಯದರ್ಶಿ. ಎರಡೂ ಕಡೆ ಅವನ ಕೆಲಸ ಮುಂದೆ ಹೋಗುವುದನ್ನು ನಿಲ್ಲಿಸುವುದೇ ಎಂದು ಹೆಂಡತಿ ಹೇಳುತ್ತಿದ್ದಳು. ಮನೆಗೆ ಬರುವ ಮೊದಲೇ ವಿಡಿಯೋ ಅವನಿಗೆ ಹಲವು ಕಡೆಯಿಂದ ಬಂದಿತ್ತು. ಕಳಿಸಿದವರೆಲ್ಲ ಕೈಮುಗಿದ ಚಿತ್ರವನ್ನೂ ಜೊತೆಗೆ ಹಾಕಿದ್ದರು.

ಈಸ್ಟರಿಗೆ ಮುಂಚಿನ ಲೆಂಟ್ ಕಾಲ ಶುರುವಾಗಿ ಒಂದು ವಾರವಾಗಿತ್ತು. ಹಬ್ಬ ಬರುವ ತನಕ ಈ ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಅದರಿಂದ ದೇವರಿಗೇನು ಲಾಭವೋ ತಿಳಿಯದು. ಸಭೆಯ ದೊಡ್ಡ ಜಗಳಗಳೆಲ್ಲ ಮಾತ್ರ ಈ ದಿನಗಳಲ್ಲೇ ಆಗುತ್ತವೆ. ಪ್ರೇಮಕುಮಾರಿ ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಟ್ಟಳು. ರೂಬೇನ್ ಅದನ್ನು ನೋಡಿ, ಆಮೇಲೆ ತಾಯಿಯನ್ನು ನೋಡಿದ.

"ಯಾರ್ನ್ ಕೇಳಿ ಮುಳುಗ್ದೆ ನೀನು?"

"ಯಾರ್ನ್ ಕೇಳ್ಬೇಕಿತ್ತು? ಕೆರೆ ತುಂಬ್ಸಕ್ಕೆ ಅಂತ ನಾಲೆಗೆ ನೀರ್ ಬುಟ್ಟಿದ್ರು."

"ತಮಾಸೆ ಬ್ಯಾಡಮ್ಮ."

"ತಮಾಸೆ ಅಲ್ಲ ಕಣ್ಲಾ. ನೀರಿಲ್ದಿದ್ರೆ ಎಂಗ್ ಮುಳುಗ್ಸರು?"

"ಮಂಡಿನೋವು ಓಯ್ತದೆ ಅಂದ್ರಾ?" ಎಂದಳು ಪ್ರೇಮಕುಮಾರಿ.

"ಅಂದ್ರು. ಓಗ್ಲಿಲ್ಲ. ನೀರಲ್ ನಿಂತು ಇನ್ನೂ ಜಾಸ್ತಿ ಆಗದೆ. ಅದ್ಕಲ್ಲ ನಾನ್ ಮುಳುಗಿದ್ದು." ಸುವಾರ್ತಮ್ಮನವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಅವ್ರಲ್ಲಿ ಕರ್ತನ ಭೋಜನ ಅಂದ್ರೆ ನಮ್ಮಂಗೆ ಎದ್ದೋಗಿ ಮಂಡಿಯೂರಂಗಿಲ್ಲ. ಕೂತಲ್ಲಿಗೇ ತಟ್ಟೆ ಬತ್ತದೆ, ಕೈಯಿಂದ ಕೈಗೆ. ನನ್ ಪಕ್ಕದೋಳು ತಗಂಡ್ಳು, ನನ್ನ ದಾಟ್ಸಿ ಆ ಕಡೆಯೋಳ್ಗೆ ಕೊಟ್ಲು. ಮುಳುಗಿಲ್ವಲ್ಲ ನಾನು. ಓದ್ ವಾರ ಇಂಗೇ ಆಯ್ತು, ಅದಕ್ ಮುಂಚಿನ್ ವಾರಾನೂ ಇಂಗೇ ಆಯ್ತು. ಅಷ್ಟೂ ಜನಕ್ಕೆ ಸಾರ್ ಮಾಡಿದ್ದು ನಾನು. ಆ ತಟ್ಟೇಲಿ ಮುರ್ದಿಟ್ಟಿದ್ ಚಪಾತೀನೂ ನಾನೇ ಲಟ್ಟಿಸಿದ್ದು."

ಪ್ರೇಮಕುಮಾರಿ ಅತ್ತೆಯ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

"ಪಂಕ್ತೀಲಿ ಕೂರ್ಸ್ಬುಟ್ಟು ಎಲೆ ಆಕ್ದಂಗೆ ಮುಂದಕ್ಕೋದ್ರೆ ಎಂಗಿರ್ತದೆ ಏಳು. ಲಿಡಿಯಾ ತಲೆ ಬಗ್ಗಿಸ್ಕಂಡೇ ಇರೋಳು. ಅವಳ್ ಮುಖ ನೋಡಕ್ಕಾಗ್ದೆ, ಆಯ್ತು ಮುಳುಗ್ಸಿ ಅಂದ್ಬುಟ್ಟೆ."

"ಇಲ್ಲೇನಾಯ್ತದೆ ಅಂತ ಯೋಚ್ನೆ ಮಾಡ್ದ್ಯಾ?" ಎಂದ ರೂಬೇನ್.

"ಇಲ್ಲೇನಾಯ್ತದೆ? ನಾನ್ ಉಟ್ಟಿದ್ ಸಭೆ ಇದು."

ರೂಬೇನ್ ಸಾರಿನಲ್ಲಿ ಮುದ್ದೆಯನ್ನು ಹೊರಳಿಸುತ್ತ ಕುಳಿತ. ಹೇಳಿದವಳು ಪ್ರೇಮಕುಮಾರಿ. "ನಿಮ್ ಮಗ ಒಂದ್ ಠರಾವು ಮಾಡವ್ರಲ್ಲ ಅತ್ತೆ. ಬೇರೆ ಕಡೆ ಓಗಿ ಮತ್ತೆ ಮುಳುಗ್ದೋರು ನಮ್ ಸಭೆಯವ್ರಲ್ಲ, ಅವ್ರಿಗೆ ಸಮಾಧಿ ತೋಟದಲ್ಲಿ ಜಾಗ ಇಲ್ಲ ಅಂತ."

ಲಿಡಿಯಾ ಗಂಡನ ಹಿಂದೆ ಹಳೆಯ ಸಭೆ ಬಿಟ್ಟು ಹೋದ ವರ್ಷವೇ ಆ ಠರಾವು ಆದದ್ದು. ತಂಗಿಯ ಮೇಲಿನ ಸಿಟ್ಟಿಗೆ ಅಣ್ಣ ಮಂಡಿಸಿದ, ಕಮಿಟಿ ಟೀ ಕುಡಿಯುತ್ತ ಒಪ್ಪಿತು. ಮೊದಲು ಅದು ಬಿದ್ದದ್ದು ಮಾತ್ರ ಬೇರೆಯವರ ಮೇಲೆ. ಡ್ರಾಯಿಂಗ್ ಮೇಷ್ಟ್ರಾಗಿದ್ದ ಜಯಶೀಲರ ಹೆಂಡತಿ ಸುಕುಮಾರಿ ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ಯಾರೋ ಹೇಳಿದರೆಂದು ಮುಳುಗಿ ಬಂದಿದ್ದಳು. ಸತ್ತಾಗ ಇಲ್ಲಿ ಜಾಗ ಸಿಗಲಿಲ್ಲ. ಅರಕಲಗೂಡಿನ ಕಡೆ ಅವಳ ಅಣ್ಣನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಆ ಹೊಲವನ್ನು ಈಗ ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟಿದ್ದರು.

"ಅಂಗಾರೆ ನಿಮ್ಮಪ್ಪನ್ ಪಕ್ಕದ್ದು?" ಎಂದರು ಸುವಾರ್ತಮ್ಮನವರು.

"ಅದ್ನೇ ಏಳ್ತಿರಾದು," ಎಂದ ರೂಬೇನ್. ಅದುವರೆಗೆ ಅವನು ಅದನ್ನು ಹೇಳಿಯೇ ಇರಲಿಲ್ಲ.

ಮಗ ಕಟ್ಟಿಸಿದ ಆ ಮನೆಯಲ್ಲಿ ಸುವಾರ್ತಮ್ಮನವರಿಗೆ ಸ್ವಂತ ಕೋಣೆಯಿರಲಿಲ್ಲ. ಮೊಮ್ಮಗಳ ಮಂಚದ ಪಕ್ಕ ಹಾಸಿಗೆ ಬಿಚ್ಚುತ್ತಿದ್ದರು. ನನ್ನದು ಎಂದು ಅವರು ಹೇಳಿಕೊಳ್ಳುತ್ತಿದ್ದದ್ದು ಒಂದೇ. ರೈಲ್ವೆ ಗೇಟಿನಾಚೆಯ ಸಮಾಧಿ ತೋಟದಲ್ಲಿ, ಕಾಂಪೌಂಡರಾಗಿದ್ದ ಗಂಡ ಸತ್ಯಮಿತ್ರರ ಗೋರಿಯ ಎಡಕ್ಕೆ ಬಿಟ್ಟಿದ್ದ ಆರಡಿ ನೆಲ. ಯಾರದಾದರೂ ಮಣ್ಣಿಗೆ ಹೋದಾಗ, ಬಾಡಿಗೆಗೆ ಕೊಡದೆ ಉಳಿಸಿಕೊಂಡ ಮನೆಯನ್ನು ನೋಡಿ ಬರುವವರಂತೆ, ಅದರ ಕಳೆ ಕಿತ್ತು ಬರುತ್ತಿದ್ದರು.

ಅವರು ಊಟ ಮುಗಿಸಿ ತಟ್ಟೆ ತೊಳೆದಿಟ್ಟರು. "ಕಾಲ್ ಜಾರಿದ್ರೆ ಒಳ್ಳೇದಾಯ್ತಿತ್ತು," ಎಂದು ಹೇಳಿ ಒಳಗೆ ಹೋದರು.

ಮುಂದಿನ ಭಾನುವಾರ ಊರಿನ ಸಭೆಯಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿಯ ಚೂರು ಕೊಡುವ ಆರಾಧನೆ ಇತ್ತು. ಹೋಗಬೇಡ ಎಂದ ಮಗ. ಸುವಾರ್ತಮ್ಮನವರು ಎಲ್ಲರಿಗಿಂತ ಮೊದಲು ತಯಾರಾಗಿ ಜಗುಲಿಯಲ್ಲಿ ಕುಳಿತಿದ್ದರು.

ಸಭೆಯ ಸ್ಟ್ಯಾನ್ಲಿ ಅಯ್ಯನವರು ಚಿಕ್ಕ ವಯಸ್ಸಿನವರು, ಮೆತ್ತನೆಯವರು. ಮೇ ತಿಂಗಳಲ್ಲಿ ವರ್ಗಾವಣೆ ಬರಲಿತ್ತು. ಅಲ್ಲಿಯವರೆಗೆ ಯಾರ ಬಾಯಿಗೂ ಬೀಳದೆ ದಿನ ತಳ್ಳುವುದು ಅವರ ಪ್ರಾರ್ಥನೆಯ ಮುಖ್ಯ ಭಾಗವಾಗಿತ್ತು. ಹೆಂಗಸರ ಸಾಲು ಎದ್ದು ಪೀಠದ ಕಟಕಟೆಯ ಮುಂದೆ ಮಂಡಿಯೂರಿತು. ಸುವಾರ್ತಮ್ಮನವರು ಒಂದು ಕೈ ಸೊಸೆಯ ಹೆಗಲಿಗೆ, ಇನ್ನೊಂದು ಕಟಕಟೆಗೆ ಊರಿ, ಉಸ್ಸೆನ್ನುತ್ತ ಕೆಳಗಿಳಿದು ಅಂಗೈ ಚಾಚಿದರು. ಅಯ್ಯನವರು ತಟ್ಟೆ ಹಿಡಿದು ಬಂದವರು ಪ್ರೇಮಕುಮಾರಿಗೆ ಕೊಟ್ಟು, ಅಲ್ಲಿ ನಿಂತರು. ಗಂಡಸರ ಕಡೆ ರೂಬೇನನತ್ತ ನೋಡಿದರು. ರೂಬೇನ್ ಹಾಡಿನ ಪುಸ್ತಕ ನೋಡುತ್ತಿದ್ದ. ಅಯ್ಯನವರು ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಸುವಾರ್ತಮ್ಮನವರ ತಲೆಯ ಮೇಲಿಟ್ಟು, "ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ," ಎಂದು ಮುಂದಕ್ಕೆ ಹೋದರು.

ಅದು ಮಕ್ಕಳಿಗೆ ಮಾಡುವುದು. ಇನ್ನೂ ದೃಢೀಕರಣವಾಗಿ ರೊಟ್ಟಿ ತೆಗೆದುಕೊಳ್ಳುವ ವಯಸ್ಸಾಗದ, ಅಮ್ಮಂದಿರ ಸೆರಗು ಹಿಡಿದು ಬಂದ ಚಿಳ್ಳೆಪಿಳ್ಳೆಗಳಿಗೆ.

ಮಧ್ಯಾಹ್ನ ಪ್ರೇಮಕುಮಾರಿ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವಾಗ ಸುವಾರ್ತಮ್ಮನವರೇ ಶುರುಮಾಡಿದರು.

"ಅಲ್ಲಿ ಮುಳುಗಿಲ್ಲ ಅಂತ ದಾಟ್ಸುದ್ರು. ಇಲ್ಲಿ ಮುಳುಗವ್ಳೆ ಅಂತ ದಾಟ್ಸುದ್ರು. ಎರಡ್ ಕಡೆನೂ ಒಬ್ಬನೇ ಕರ್ತನಾ, ಬ್ಯಾರೆ ಬ್ಯಾರೇನಾ?"

"ಕರ್ತ ಒಬ್ನೇ ಅತ್ತೆ. ಸೆಕ್ರೆಟರಿಗಳು ಬ್ಯಾರೆ," ಎಂದಳು ಪ್ರೇಮಕುಮಾರಿ, ಪಕ್ಕದ ಕೋಣೆಗೆ ಕೇಳುವಷ್ಟು ಜೋರಾಗಿ.

ರೂಬೇನ್ ಬಾಗಿಲಿಗೆ ಬಂದ. "ನಾನೇನ್ ಮಾಡ್ಲೆ? ಆಚೆ ಬರ್ವಾಗ ಜಯಶೀಲ ಮೇಷ್ಟ್ರು ನಿಂತ್ಕಂಡಿದ್ರು. 'ನಿಮ್ ತಾಯಿಯವ್ರಿಗೂ ಅದೇ ರೂಲೇ ಅಲ್ವಾ, ಸುಮ್ನೆ ಕೇಳ್ದೆ,' ಅಂದ್ರು. ನಗ್ತಾ ಅಂದಿದ್ರೆ ಬೈಯಬೋದಿತ್ತು. ನಗ್ಲಿಲ್ಲ."

"ನೀನೇನಂದೆ?"

"ಔದು ಅಂದೆ."

"ಸರ್ಯಾಗಂದೆ," ಎಂದರು ಸುವಾರ್ತಮ್ಮನವರು, ಸೆರಗಿನಿಂದ ಮಂಡಿ ಮುಚ್ಚಿಕೊಳ್ಳುತ್ತ.

ಕಮಿಟಿ ಸೇರಿತು. ರೂಬೇನ್ ತಾನೇ ಬರೆದ ಠರಾವನ್ನು ತಾನೇ ಓದಿದ. ಬಹಳ ಹೊತ್ತು ಮಾತಾಗಿ ಒಂದು ದಾರಿ ಕಂಡಿತು. ತಪ್ಪಿ ಹೋದವರು ಸಭೆಯ ಮುಂದೆ ನಿಂತು ಒಪ್ಪಿಕೊಂಡರೆ ಮತ್ತೆ ಸೇರಿಸಿಕೊಳ್ಳಬಹುದು. ಖಜಾಂಚಿ ಇದಕ್ಕೆ ಬೈಬಲಿನ ಕೆಟ್ಟುಹೋದ ಮಗನ ಸಾಮ್ಯವನ್ನು ಉದಾಹರಿಸಿದ. ಆ ಕಥೆಯಲ್ಲಿ ವಾಪಸು ಬಂದ ಮಗನನ್ನು ತಂದೆ ಓಡಿಹೋಗಿ ತಬ್ಬಿಕೊಳ್ಳುತ್ತಾನೆಯೇ ಹೊರತು ಹೇಳಿಕೆ ಓದಿಸುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ಆಡಲಿಲ್ಲ.

ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ರೂಬೇನ್ ಹೇಳಿದ. "ಗರಿಗಳ ಭಾನ್ವಾರ ಆರಾಧನೆ ಮುಗ್ದ್ ಮೇಲೆ ಒಂದ್ ಮಾತು ಓದ್ಬುಡಮ್ಮ. ಚನ್ನರಾಯಪಟ್ಟಣದಲ್ಲಿ ಆಗಿದ್ದು ದೀಕ್ಷಾಸ್ನಾನ ಅಲ್ಲ, ತಪ್ಪಾಯ್ತು ಅಂತ. ಎಲ್ಲಾ ಮೊದ್ಲಿನಂಗಾಯ್ತದೆ."

"ದೀಕ್ಷಾಸ್ನಾನ ಅಲ್ದಿದ್ರೆ ಏನಂತೆ ಅದು?"

"ಅದೆಲ್ಲ ಯಾರೂ ಕೇಳಲ್ಲ."

"ಲಿಡಿಯಾ ಕೇಳ್ತಾಳೆ," ಎಂದರು ಅವರು.

ಲಿಡಿಯಾ ಅವತ್ತೇ ಸಂಜೆ ಕೇಳಿದಳು. ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ, ಸಭೆ ಎರಡಾದರೂ ನೆಂಟರು ಒಬ್ಬರೇ. ನಿಸರ್ಗ ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯ ಮೇಜಿನ ಮೇಲಿಟ್ಟಳು.

"ನೀನಂಗೆ ಓದುದ್ರೆ ಇವ್ರು ನಿನ್ನ ಇನ್ನ ಮನೆಗೆ ಕರ್ಯಲ್ಲ ಕಣಮ್ಮ. ಪಾಸ್ಟರ್ ಎಂಡ್ತಿ ತಾಯೇ ಸುಳ್ಳು ಅಂದ್ಬುಟ್ರೆ ಸಭೇಲಿ ನಾನ್ ಎಂಗ್ ಕೂತ್ಕಳ್ಲಿ?"

"ಅದ್ನ ಮುಳುಗ್ಸೋಕ್ ಮುಂಚೆ ಯೋಚ್ನೆ ಮಾಡ್ಬೇಕಿತ್ತು," ಎಂದ ರೂಬೇನ್.

"ನೀನ್ ಸುಮ್ಕಿರಣ್ಣ. ನನ್ ಮೇಲಿನ್ ಸಿಟ್ಗೆ ತಾನೆ ನೀನ್ ಆ ಠರಾವು ತಂದಿದ್ದು? ನಾನ್ ಸತ್ರೆ ಅಪ್ಪನ್ ತಾವ್ಕೆ ಬರ್ಬಾರ್ದು ಅಂತ."

"ನೀನೇ ಬುಟ್ಟೋದೆ."

"ನಾನ್ ಸಭೆ ಬುಟ್ಟೆ. ಅಪ್ಪನ್ನ ಬುಟ್ನಾ?"

"ಸಾಯೋ ಮಾತು ಇಬ್ರೂ ಬುಡಿ," ಎಂದರು ಸುವಾರ್ತಮ್ಮನವರು. "ಸಾಯ್ಬೇಕಾಗಿರಾಳು ನಾನು. ನನ್ನ ಯಾರೂ ಏನೂ ಕೇಳ್ತಿಲ್ಲ."

ಆಗಲೂ ಯಾರೂ ಕೇಳಲಿಲ್ಲ. ಆಮೇಲೆ ಪ್ರೇಮಕುಮಾರಿ ಅಕ್ಕಿ ಆರಿಸುತ್ತ, "ನಿಮ್ಗೆ ಏನ್ ಅನ್ನುಸ್ತದತ್ತೆ?" ಎಂದಳು.

"ನಾನ್ ಬದುಕಿರಾಗಂಟ ಮಗ್ಳು ಬೇಕು. ನಾನ್ ಸತ್ ಮೇಲೂ ನಿಮ್ ಮಾವ ಬೇಕು," ಎಂದರು. "ಎಷ್ಟ್ ದಿನ ಬದುಕ್ತೀನಿ, ಎಷ್ಟ್ ದಿನ ಸತ್ತಿರ್ತೀನಿ ಅಂತ ನೋಡ್ದೆ. ಸತ್ತಿರಾದೇ ಜಾಸ್ತಿ."

ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಮಕ್ಕಳು ತೆಂಗಿನ ಗರಿ ಹಿಡಿದು ಹೊಸನ್ನ ಹಾಡುತ್ತ ದೇವಾಲಯ ಸುತ್ತಿ ಬಂದರು. ಒಳಗೆ ಬಂದ ಮೇಲೆ ಗರಿಯಲ್ಲೇ ಒಬ್ಬರಿಗೊಬ್ಬರು ಚುಚ್ಚಿ ಬೈಸಿಕೊಂಡರು. ಆರಾಧನೆ ಮುಗಿಯಿತು, ಯಾರೂ ಏಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಸುವಾರ್ತಮ್ಮನವರು ಬೆಂಚಿನ ಬೆನ್ನು ಹಿಡಿದು ಎದ್ದು ನಿಂತರು. ಮಾತಿನಲ್ಲಿ ಅವರಿಗೆ ಎಂದೂ ಬಾರದ ಹಕಾರ, ಪ್ರಾರ್ಥನೆಯಲ್ಲಿ ಮತ್ತು ದೇವಾಲಯದಲ್ಲಿ ಮಾತ್ರ ತಪ್ಪದೆ ಬರುತ್ತಿತ್ತು. ಅಂದೂ ಬಂತು. "ಹೇಮಾವತಿ ನಾಲೆಯಲ್ಲಿ ನನಗೆ ಆದದ್ದು ದೀಕ್ಷಾಸ್ನಾನವಲ್ಲವೆಂದೂ, ಹುಟ್ಟಿದಾಗ ಈ ಸಭೆಯಲ್ಲಿ ಹೊಂದಿದ್ದೇ ನಿಜವಾದದ್ದೆಂದೂ ಒಪ್ಪಿಕೊಂಡು, ಸಭೆಯವರ ಕ್ಷಮೆಯನ್ನು ಬೇಡುತ್ತೇನೆ." ಓದಿ ಮುಗಿಸಿ, ಚೀಟಿಯನ್ನು ಮಡಿಸಿ, ಕುಳಿತುಕೊಂಡರು. ಅಯ್ಯನವರು ಆಮೆನ್ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಮೊಬೈಲು ಕೆಳಗಿಳಿಸಿದರು.

ಆಗ ಜಯಶೀಲ ಮೇಷ್ಟ್ರು ಎದ್ದರು.

"ಅಯ್ಯನವರೇ, ಒಂದು ವಿಷಯ. ನನ್ನ ಹೆಂಡತಿ ತೀರಿಕೊಂಡಿದ್ದರಿಂದ ಅವಳಿಗೆ ಹೀಗೆ ಎದ್ದು ನಿಂತು ಕೇಳೋಕೆ ಆಗಲಿಲ್ಲ. ಅವಳ ಪರವಾಗಿ ನಾನು ಕೇಳಬಹುದಾ?"

ಅಯ್ಯನವರು ಕಾರ್ಯದರ್ಶಿಯನ್ನು ನೋಡಿದರು. ಈ ಸಲ ರೂಬೇನನ ಕೈಯಲ್ಲಿ ಹಾಡಿನ ಪುಸ್ತಕವಿರಲಿಲ್ಲ.

"ಕೇಳಿದ್ರೆ... ಏನ್ ಮಾಡ್ಬೇಕು ಅಂತೀರಿ ಮೇಷ್ಟ್ರೇ?"

"ಇಲ್ಲಿಗೆ ತರೋದು. ಅಲ್ಲಿ ಶುಂಠಿಯವರು ಕಲ್ಲು ಕಿತ್ತುಹಾಕಿದ್ದಾರೆ. ಎಲ್ಲಿ ಅಂತ ನಂಗೆ ಇನ್ನೂ ಗುರುತಿದೆ. ಇನ್ನೊಂದು ಸಲ ಟ್ರ್ಯಾಕ್ಟರ್ ಹೊಡೆದರೆ ಇರಲ್ಲ."

ರೂಬೇನ್ ಖಜಾಂಚಿಯತ್ತ ನೋಡಿದ.

"ಮುಂದಿನ್ ಮೀಟಿಂಗಲ್ಲಿ ಇಡ್ತೀವಿ," ಎಂದ ರೂಬೇನ್.

"ಅದು ಈಸ್ಟರ್ ಆದ್ಮೇಲಲ್ವಾ?"

"ಔದು."

"ಸರಿ," ಎಂದು ಮೇಷ್ಟ್ರು ಕುಳಿತರು. "ಅವಳಿಗೇನೂ ಅರ್ಜೆಂಟಿಲ್ಲ."

ಅಂದು ಮನೆಯಲ್ಲಿ ರೂಬೇನ್ ಊಟ ಬೇಡವೆಂದ. ಪ್ರೇಮಕುಮಾರಿ ಅವನ ತಟ್ಟೆಯನ್ನು ಎತ್ತಲಿಲ್ಲ. "ಉಣ್ಣಿ. ನೀವೇ ಬಡ್ಸಿದ್ದು," ಎಂದಳು. ಸುವಾರ್ತಮ್ಮನವರು ಇಬ್ಬರ ನಡುವೆ ಕುಳಿತು ಅನ್ನಕ್ಕೆ ಮಜ್ಜಿಗೆ ಕಲಸಿ, ಕಲಸುತ್ತಲೇ ಇದ್ದರು.

ಶುಭಶುಕ್ರವಾರ ಶಿಲುಬೆಯ ಮೇಲಿನ ಏಳು ಮಾತುಗಳ ಮೇಲೆ ಏಳು ಜನ ಪ್ರಸಂಗ ಮಾಡಿದರು. ಐದನೆಯ ಮಾತಿಗೆ, 'ನನಗೆ ನೀರಡಿಕೆಯಾಗಿದೆ' ಎನ್ನುವಾಗ, ಇಡೀ ಸಭೆ ಮನಃಪೂರ್ವಕವಾಗಿ ಒಪ್ಪಿತು. ಮನೆಗೆ ಬಂದು ಸುವಾರ್ತಮ್ಮನವರು ಮೊಮ್ಮಗಳ ಫೋನು ಕೇಳಿ ಪಡೆದರು.

"ಈಸ್ಟರ್‌ಗೆ ಬತ್ತೀಯೇನೇ? ಕೋಳಿ ತರುಸ್ತೀನಿ."

"ಇಲ್ಲಮ್ಮ. ಇವ್ರು ನೀನ್ ಓದಿದ್ ವಿಡಿಯೋ ನೋಡುದ್ರು."

"ಅವ್ನು ಬ್ಯಾಡ. ನೀನ್ ಬಾ."

"ನಂಗೂ ಬರಕ್ಕಾಗಲ್ಲ."

ಸುವಾರ್ತಮ್ಮನವರು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡರು. "ನಾನ್ ಸತ್ರೆ?"

ಆ ಕಡೆ ಗಿರಣಿಯ ಸದ್ದು ಬಹಳ ಹೊತ್ತು ಕೇಳಿತು.

"ನಿಂಗೆ ಜಾಗ ಸಿಕ್ತಲ್ಲಮ್ಮ," ಎಂದಳು ಲಿಡಿಯಾ. "ನಮ್ನ ಗೇಟೊಳಕ್ಕೆ ಬುಡ್ತಾರಾ ಅಂತ ಅಣ್ಣನ್ನೇ ಕೇಳು." ಫೋನು ಇಟ್ಟಳು.

ಅವರು ಮಗನನ್ನು ಕೇಳಲಿಲ್ಲ. ಫೋನನ್ನು ನಿಸರ್ಗಳ ಕೈಗೆ ಕೊಟ್ಟು, "ಎಲ್ಲಾರೂ ಚೆನ್ನಾಗವ್ರಂತೆ," ಎಂದರು.

ಈಸ್ಟರ್ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಸಭೆ ಸಮಾಧಿ ತೋಟದಲ್ಲಿ ಸೇರಿತು. ಅದು ಇಲ್ಲಿಯ ಪದ್ಧತಿ. ಪ್ರತಿ ಮನೆಯವರೂ ತಮ್ಮ ತಮ್ಮ ಗೋರಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಅದರ ಪಕ್ಕ ನಿಲ್ಲುತ್ತಾರೆ; ಹಾಜರಿ ಕರೆದರೆ ಓಗೊಡಲು ನಿಂತ ಹಾಗೆ. ಅಯ್ಯನವರು 'ಕ್ರಿಸ್ತನು ಎದ್ದಿದ್ದಾನೆ' ಎನ್ನುವಷ್ಟರಲ್ಲಿ ಹಾಸನದ ಕಡೆಯಿಂದ ರೈಲು ಬಂತು. ಅದು ಹೋಗುವ ತನಕ ಪುನರುತ್ಥಾನ ಕಾಯಬೇಕಾಯಿತು.

ಜಯಶೀಲ ಮೇಷ್ಟ್ರಿಗೆ ಪಕ್ಕ ನಿಲ್ಲಲು ಗೋರಿಯಿರಲಿಲ್ಲ. ಅವರು ಗೇಟಿನ ಬಳಿ ಮೇಣದ ಬತ್ತಿ ಹಿಡಿದು ನಿಂತಿದ್ದರು. ಹಾಡು ಶುರುವಾದಾಗ ಸಾಲುಗಳ ನಡುವೆ ನಡೆದು, ಸತ್ಯಮಿತ್ರರ ಗೋರಿಯ ಹತ್ತಿರ ಬಂದು ನಿಂತರು.

"ಸುವಾರ್ತಕ್ಕ, ಮೊನ್ನೆ ಅರಕಲಗೂಡಿಗೆ ಹೋಗಿದ್ದೆ. ಗುರುತು ಸಿಗಲಿಲ್ಲ." ಕೈಯಲ್ಲಿದ್ದ ಬತ್ತಿಯನ್ನು ಎಲ್ಲಿಡುವುದೆಂದು ತಿಳಿಯದೆ ಒಮ್ಮೆ ಸುತ್ತ ನೋಡಿದರು. "ಇದನ್ನ ಇಲ್ಲಿ ಇಡ್ಲಾ?"

ಅವರು ತೋರಿಸಿದ್ದು ಗೋರಿಯ ಎಡಕ್ಕಿದ್ದ ಬರಿಯ ನೆಲವನ್ನು.

ಸುವಾರ್ತಮ್ಮನವರು ಅದನ್ನು ನೋಡಿದರು. ಆಮೇಲೆ ಮಗನ ಪಕ್ಕ, ಸೊಸೆಯ ಪಕ್ಕ, ಮೊಮ್ಮಗಳ ಪಕ್ಕ, ಸಭೆ ಬಿಟ್ಟ ಮೇಲೂ ಪ್ರತಿ ವರ್ಷ ಬಂದು ಲಿಡಿಯಾ ನಿಲ್ಲುತ್ತಿದ್ದ ಕಡೆ ನೋಡಿದರು.

"ಇಡಪ್ಪ. ಸದ್ಯಕ್ಕೆ ಯಾರೂ ಇಲ್ಲ ಅಲ್ಲಿ."

ಮೇಷ್ಟ್ರು ಕುಕ್ಕರಗಾಲಿನಲ್ಲಿ ಕುಳಿತು ಮಣ್ಣು ಕೆದಕಿ ಬತ್ತಿ ನಿಲ್ಲಿಸಿದರು. ನಾಲ್ಕು ಗೋರಿಯಾಚೆ ಖಜಾಂಚಿ ಕತ್ತು ಉದ್ದ ಮಾಡಿದ. ಹಾಡು ಬಿಟ್ಟು ರೂಬೇನನ ಕಿವಿಯಲ್ಲಿ ಏನೋ ಹೇಳಿ ಹೋದ. ರೂಬೇನ್ ತಾಯಿಯ ಹತ್ತಿರಕ್ಕೆ ಬಂದ.

"ಅಮ್ಮ, ಕಮಿಟಿಯವ್ರು ನೋಡ್ತಾವ್ರೆ."

"ಏನಂತೆ?"

"ಸಭೆಯವ್ರಲ್ದೋರ್ ಎಸ್ರಲ್ಲಿ ಇಲ್ಲಿ ಬತ್ತಿ ಅಚ್ಬೋದಾ ಅಂತ ಕೇಳ್ತಾವ್ರೆ."

"ಅಚ್ಬಾರ್ದು ಅಂತ ಠರಾವು ಅದಾ?"

ರೂಬೇನ್ ಯೋಚಿಸಿದ. ಮೇಷ್ಟ್ರು ಕುಳಿತಲ್ಲಿಂದಲೇ ತಲೆಯೆತ್ತಿ ಅವನನ್ನು ನೋಡುತ್ತಿದ್ದರು.

"ಇನ್ನೂ ಇಲ್ಲ," ಎಂದ.

"ಅಂಗಾರೆ ಮಾಡೋಗಂಟ ಉರೀಲಿ ಬುಡು," ಎಂದು ಸುವಾರ್ತಮ್ಮನವರು ಗಾಳಿ ಬರುವ ಕಡೆಗೆ, ಬತ್ತಿಗೆ ಮರೆಯಾಗಿ, ಸರಿದು ನಿಂತರು.